ಪಾದ್ರಿ ಮನೆಯ ಮೂರನೇ ಗಾಜು

ಕಾಗದ ಒಳಗೆ ಹೋಗಲೇ ಇಲ್ಲ.

ಮತ್ತೆ ಪ್ರಯತ್ನಿಸಿದೆ. ಬಸ್ ಟಿಕೆಟ್ಟಿನಷ್ಟು ತೆಳುವಾದ ಚೂರು ಅದು. ಗಾಜಿನ ಪಟ್ಟಿ ಎರಡು ತುಂಡಾಗಿರುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಆ ತುಂಡುಗಳ ನಡುವೆ ಕಾಗದದ ಅಂಚು ತೂರಿಸಲು ಹೋದರೆ ಅದೇ ಮಡಚಿಕೊಂಡಿತು.

"ಏನೇ, ಗೋಡೆಗೆ ಚೀಟಿ ಕೊಡ್ತಾ ಇದೀಯಾ?" ಎಂದರು ನಮ್ಮವರು, ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು.

"ರೀ, ಸುಮ್ನೆ ಫೋಟೋ ತೆಗೀರಿ."

ನಮ್ಮವರು ಚಿತ್ರಕಲೆ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ನನ್ನ ಪತ್ತೇದಾರಿ ಕಚೇರಿಗೆ ಡ್ರೈವರ್, ಫೋಟೋಗ್ರಾಫರ್, ಬೇಡದ ಸಲಹೆಗಾರ ಎಲ್ಲಾ ಅವರೇ. ಸಂಬಳ ಕೊಡುವುದಿಲ್ಲ. ಅದಕ್ಕೇ ಮಾತು ಸ್ವಲ್ಪ ಜಾಸ್ತಿ.

ನಾವು ನಿಂತಿದ್ದದ್ದು ಪಾದ್ರಿ ಮನೆಯ ಓದುವ ಕೋಣೆಯಲ್ಲಿ. ಕಲ್ಲು, ಸುಣ್ಣದ ಗಾರೆಯ ಹಳೇ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಹೊಸ್ತಿಲ ಮೇಲೆ ಕಾಲು ಮಡಚಿ ಕೂತು ಆರಾಮಾಗಿ ಪುಸ್ತಕ ಓದಬಹುದು. ಈ ಕೋಣೆಗೆ ಎರಡು ಬಾಗಿಲು. ಒಂದು ಮನೆಯೊಳಗಿಂದ, ಇನ್ನೊಂದು ನೇರವಾಗಿ ತೋಟದಿಂದ. ಅಳುತ್ತಾ ಬರುವವರು ಅಡುಗೆಮನೆಯವರ ಕಣ್ಣಿಗೆ ಬೀಳದೆ ಪಾದ್ರಿಯ ಮುಂದೆ ಬಂದು ಕೂರಲಿ ಅಂತ ಕಟ್ಟಿದವರು ಯೋಚಿಸಿ ಇಟ್ಟ ಬಾಗಿಲು ಅದು. ಅದರ ಕಲ್ಲಿನ ಮೆಟ್ಟಿಲು ನಡುವೆ ತಗ್ಗಾಗಿ ಸವೆದಿತ್ತು. ಎಷ್ಟು ಜನರ ಕಷ್ಟ ಈ ಮೆಟ್ಟಿಲು ಹತ್ತಿ ಬಂದಿದೆಯೋ ಏನೋ ಅಂದುಕೊಂಡೆ.

ಕಿಟಕಿಯ ಮೂಲೆಯಿಂದ ಛಾವಣಿಯವರೆಗೆ ಒಂದು ಬಿರುಕು. ಅದರ ಮೇಲೆ ಒಂದರ ಕೆಳಗೊಂದರಂತೆ ನಾಲ್ಕು ಗಾಜಿನ ಪಟ್ಟಿಗಳು.

ಇದು ಎಂಜಿನಿಯರುಗಳ ಹಳೇ ಉಪಾಯ. ಬಿರುಕಿಗೆ ಅಡ್ಡಲಾಗಿ ತೆಳು ಗಾಜು ಇಟ್ಟು ಎರಡೂ ತುದಿಗೆ ಗಾರೆ ಮೆತ್ತುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದದ್ದನ್ನು ಹಾಗೇ ಬಿಟ್ಟು ಪಕ್ಕದಲ್ಲೇ ಹೊಸದು ಹಚ್ಚುತ್ತಾರೆ.

ಈ ಗೋಡೆಯ ಮೇಲೆ ಮೂರು ಗಾಜು ಒಡೆದಿದ್ದವು. ಮನೆ ಕುಸಿಯುವ ಮೊದಲು ಕೆಡವಿ ಅಂತ ಎಂಜಿನಿಯರ್ ಬರೆದುಕೊಟ್ಟಿದ್ದರು. ಹೆಂಚು ಇಳಿಸುವ ಆಳುಗಳು ಆ ಮಧ್ಯಾಹ್ನವೇ ಬರುವವರಿದ್ದರು.

ಯಾರೋ ಬೇಕೆಂದೇ ಗಾಜು ಒಡೆಯುತ್ತಿದ್ದಾರೆ, ಕಂಡುಹಿಡಿ ಅಂತ ನನ್ನನ್ನು ಕರೆಸಿದ್ದು ಪಾದ್ರಿಗಳ ಅಕ್ಕ. ಊರಿಗೆಲ್ಲ ಅವರು ದೊಡ್ಡಕ್ಕ. ಹೊಸ ಮನೆ ಕಟ್ಟುವ ಕೆಲಸಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಕಂಟ್ರಾಕ್ಟರ್ ಮೇಲೆ ಅವರಿಗೂ ನನಗೂ ಅನುಮಾನವಿತ್ತು. ಅದು ಹಿಂದಿನ ದಿನ ಸಂಜೆ ಠುಸ್ ಆಗಿಹೋಗಿತ್ತು. ಆ ಮನುಷ್ಯ ಇಷ್ಟು ದಿನದಲ್ಲಿ ಒಮ್ಮೆಯೂ ಮುಂಬಾಗಿಲ ಪಡಸಾಲೆ ದಾಟಿ ಒಳಗೆ ಬಂದಿರಲಿಲ್ಲ, ತೋಟದ ಕಡೆಗೂ ಕಾಲಿಟ್ಟಿರಲಿಲ್ಲ. ದೊಡ್ಡಕ್ಕ ಬಿಟ್ಟಿದ್ದರಲ್ಲವೇ ಬರುವುದು!

"ಮೇಡಂ, ನೀವು ಎಷ್ಟು ನೋಡಿದರೂ ಅಷ್ಟೇ," ಎಂದರು ಎಂಜಿನಿಯರ್. ಕುರ್ಚಿಯ ತುದಿಯಲ್ಲಿ ಕೂತಿದ್ದರು, ಎದ್ದು ಹೋಗಲು ಅವಸರವಿರುವವರ ಹಾಗೆ. ಕೆಟ್ಟ ಮನುಷ್ಯನಲ್ಲ. ಕೆಟ್ಟ ಸುದ್ದಿ ಹೇಳಿ ಹೇಳಿ ಮುಖ ಬಾಡಿಹೋಗಿತ್ತು. "ಕೈಯಿಂದ ಒಡೆದಿದ್ದರೆ ಪೆಟ್ಟು ಬಿದ್ದ ಜಾಗದಲ್ಲಿ ಗಾಜು ಪುಡಿಯಾಗಿರಬೇಕಿತ್ತು. ಎಲ್ಲಿದೆ ಪುಡಿ? ಗೋಡೆ ಎಳೆದದ್ದಕ್ಕೇ ಒಡೆದಿದೆ."

"ಗೋಡೆ ಎಳೆದಿದ್ದರೆ ಈ ಎರಡು ತುಂಡು ದೂರ ದೂರ ಹೋಗಿರಬೇಕಲ್ಲವಾ?"

"ಹೋಗಿರುತ್ತೆ. ಕಣ್ಣಿಗೆ ಕಾಣದಷ್ಟು."

"ಕಾಗದವೂ ಹೋಗದಷ್ಟಾ?"

ಅವರು ಎದ್ದು ಬಂದರು. ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾವೇ ತೂರಿಸಿ ನೋಡಿದರು. ಮೊದಲನೇ ಗಾಜು, ಎರಡನೇ ಗಾಜು, ಮೂರನೇ ಗಾಜು. ಎಲ್ಲೂ ಹೋಗಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದರು.

"ನಾನು ಬರೋದು, ಒಡೆದಿದೆಯಾ ಇಲ್ವಾ ನೋಡೋದು, ಹೊಸದು ಹಚ್ಚೋದು, ಹೋಗೋದು," ಎಂದು ಗೊಣಗಿದರು. "ಎಷ್ಟು ಅಗಲ ಆಗಿದೆ ಅಂತ ಅಳೀಲಿಲ್ಲ ನಾನು."

"ಇನ್ನೊಂದು ನೋಡಿ ಸಾರ್. ಒಡೆದ ಗೆರೆ ನೆಟ್ಟಗಿಲ್ಲ. ಹಾವಿನ ಹಾಗೆ ಸೊಟ್ಟಗೆ ಹೋಗಿದೆ, ಮೂರರಲ್ಲೂ. ಎಳೆದು ಹರಿದದ್ದು ಹೀಗಿರುತ್ತಾ?"

ಎಂಜಿನಿಯರ್ ಭೂತಗನ್ನಡಿಯನ್ನು ಗಾಜಿನ ಮೇಲಿಂದ ಸರಿಸಿ ಬಿರುಕಿನ ಒಳಕ್ಕೇ ಹಿಡಿದರು. ಬಹಳ ಹೊತ್ತು ನೋಡಿದರು.

"ಮೇಡಂ, ಟಾರ್ಚ್ ಇದೆಯಾ?"

ನಮ್ಮವರು ಟಾರ್ಚ್ ಹಿಡಿದರು. ಬಿರುಕಿನ ಒಳಗೆ ಹಳೇ ಸುಣ್ಣ ಪದರ ಪದರವಾಗಿ ಕೂತಿತ್ತು. ಅದರ ಮೇಲೆ ಜೇಡರ ಬಲೆ, ಅದರ ಮೇಲೆ ಧೂಳು.

"ಹೊಸ ಬಿರುಕಿನ ಒಳಗೆ ಸುಣ್ಣ ಹೇಗೆ ಹೋಗುತ್ತೆ?" ಎಂದರು ಎಂಜಿನಿಯರ್, ನನ್ನನ್ನಲ್ಲ, ಗೋಡೆಯನ್ನೇ ಕೇಳುವವರಂತೆ. ಆಮೇಲೆ ಹಿಂದೆ ಸರಿದು ಇಡೀ ಗೋಡೆಯನ್ನು ಬುಡದಿಂದ ತಲೆಯವರೆಗೆ ನೋಡಿದರು. "ಈ ಕೋಣೆ ಮನೆಯ ಜೊತೆಗೇ ಕಟ್ಟಿದ್ದಲ್ಲ. ಆಮೇಲೆ ಸೇರಿಸಿದ್ದು. ಹಳೇ ಗೋಡೆಗೆ ಕಲ್ಲು ಕಚ್ಚಿಸದೆ ಸುಮ್ಮನೆ ಆನಿಸಿ ಕಟ್ಟಿದ್ದಾರೆ. ಇದು ಬಿರುಕಲ್ಲ, ಸಂದು! ಮೊದಲಿಂದಲೂ ಇದ್ದದ್ದೇ!"

ಅವರ ಬಾಡಿದ ಮುಖ ಅರ್ಧ ಅರಳಿತು. ಆದರೆ ಅರ್ಧವೇ.

"ಹಾಗಾದ್ರೆ ಗಾಜು ಯಾಕೆ ಒಡೀತು?" ಎಂದರು.

ಅದು ನನಗೂ ಗೊತ್ತಿರಲಿಲ್ಲ. ಗೋಡೆ ಸರಿದಿಲ್ಲ. ಯಾರೂ ಕಲ್ಲು ಎತ್ತಿ ಹೊಡೆದಿಲ್ಲ. ಗಾಜು ತಾನಾಗಿ ಒಡೆಯಲು ಅದಕ್ಕೇನು ಹುಚ್ಚೇ? ಕಾರಣ ಸಿಗದೆ ಆಳುಗಳನ್ನು ತಡೆಯಲು ಎಂಜಿನಿಯರಿಗೆ ಧೈರ್ಯವಿರಲಿಲ್ಲ. ನಾಳೆ ನಿಜವಾಗಿ ಗೋಡೆ ಬಿದ್ದು ಯಾರದಾದರೂ ತಲೆ ಒಡೆದರೆ ಜವಾಬ್ದಾರಿ ಅವರದ್ದೇ.

ಆಗಲೇ ಒಳಬಾಗಿಲು ತೆರೆದುಕೊಂಡಿತು.

"ಸ್ವಲ್ಪ ಸರೀರಪ್ಪ, ಸರೀರಿ!"

ದೊಡ್ಡಕ್ಕ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬೋಗುಣಿ, ಹೆಗಲ ಮೇಲೆ ಬಟ್ಟೆ. ಅವರಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ನಮಗೆಲ್ಲರಿಗೂ ಮಂದ ಎಂದುಕೊಂಡು ಗಟ್ಟಿಯಾಗಿ ಮಾತಾಡುತ್ತಾರೆ.

"ದೊಡ್ಡಕ್ಕ, ಈಗ ಗುಡಿಸ್ತೀರಾ?" ಎಂದೆ ಜೋರಾಗಿ. "ಮಧ್ಯಾಹ್ನ ಹೆಂಚು ಇಳಿಸೋಕೆ ಬರ್ತಾರಲ್ಲ!"

"ಬರ್ಲಿ. ಮಧ್ಯಾಹ್ನ ಕೆಡವೋ ಮನೆ ಅಂತ ಬೆಳಿಗ್ಗೆ ಕೊಳಕಾಗಿ ಇಟ್ಕೊಳ್ಳೋಕಾಗುತ್ತಾ? ಸತ್ತೋರಿಗೂ ಮುಖ ತೊಳ್ದು ಕಳಿಸಲ್ವಾ?"

ಎಂಜಿನಿಯರ್ ತಲೆ ತಗ್ಗಿಸಿದರು. ಮನೆ ದೊಡ್ಡಕ್ಕನದ್ದಲ್ಲ, ಚರ್ಚಿನದ್ದು. ತಮ್ಮ ಇಲ್ಲಿಗೆ ಪಾದ್ರಿಯಾಗಿ ಬಂದಾಗ ಅಡುಗೆ ಮಾಡಿ ಹಾಕಲು ಜೊತೆಗೆ ಬಂದವರು, ಮನೆಯನ್ನೇ ಮಗುವಿನಂತೆ ಸಾಕಿಬಿಟ್ಟರು. ಗೋಡೆಗೆ ಬಣ್ಣದ ಡಬ್ಬ ಹಿಡಿದು ಬಂದವರನ್ನು ಬಾಗಿಲಲ್ಲೇ ತಡೆದು, ಈ ಗೋಡೆಗೆ ಉಸಿರಾಡಬೇಕು, ಸುಣ್ಣ ಬಿಟ್ಟು ಬೇರೇನೂ ಬಳಿಯಕೂಡದು ಅಂತ ಜಗಳವಾಡಿದವರು. ಮೊದಲ ದಿನ ನನಗೆ ಅವರು ಹೇಳಿದ್ದು ಇಷ್ಟೇ: "ನಾನೇನು ಇಲ್ಲೇ ಸಾಯೋತನಕ ಇರ್ತೀನಿ ಅಂತಲ್ಲಮ್ಮ. ತಮ್ಮ ನಿವೃತ್ತಿ ಆದ್ಮೇಲೆ ಇನ್ನೊಬ್ರು ಬರ್ತಾರೆ. ಆದ್ರೆ ನಾನು ಕಾಯ್ದ ಮನೆ ನನ್ನ ಕಣ್ಣೆದುರಿಗೆ ಬೀಳಬಾರ್ದು."

ದೊಡ್ಡಕ್ಕ ಬೋಗುಣಿಯನ್ನು ಕಿಟಕಿಯ ಹೊಸ್ತಿಲ ಮೇಲಿಟ್ಟರು. ಅದರಿಂದ ಹಬೆ ಏಳುತ್ತಿತ್ತು. ಬೆಳಗಿನ ಹೊತ್ತು, ಕಲ್ಲಿನ ಗೋಡೆ ಹಿಮದಂತೆ ತಣ್ಣಗಿತ್ತು. ಬಟ್ಟೆ ಅದ್ದಿ, ಕೈ ಸುಟ್ಟುಕೊಂಡು ಫೂ ಫೂ ಎಂದು ಊದಿಕೊಂಡು ಹಿಂಡಿದರು. ನೇರವಾಗಿ ನಾಲ್ಕನೇ ಗಾಜಿನ ಮೇಲಿಟ್ಟರು.

ಟಿಕ್.

ಸಣ್ಣ ಸದ್ದು. ಉಗುರು ಕತ್ತರಿಸಿದಷ್ಟು. ದೊಡ್ಡಕ್ಕನಿಗೆ ಕೇಳಿಸಲಿಲ್ಲ. ಅವರು ಹಾಯಾಗಿ ಒರೆಸುತ್ತಲೇ ಇದ್ದರು.

ಎಂಜಿನಿಯರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಮ್ಮವರಿಗೆ ಯಾವ ಕಾಲಕ್ಕೂ ಬಾರದ ಬುದ್ಧಿ ಆ ಕ್ಷಣಕ್ಕೆ ಬಂತು, ಕ್ಯಾಮೆರಾ ಒತ್ತಿದರು.

"ದೊಡ್ಡಕ್ಕ," ಎಂದೆ, "ಬಟ್ಟೆ ತೆಗೀರಿ."

ತೆಗೆದರು. ಗಾಜಿನ ಮೇಲೆ ನೀರು ಆರುತ್ತಿದ್ದಂತೆ ಒಂದು ಸೊಟ್ಟ ಗೆರೆ ನಿಧಾನವಾಗಿ ಮೂಡಿತು. ಮೇಲಿನ ಮೂರು ಗಾಜುಗಳ ಗೆರೆಗೂ ಇದಕ್ಕೂ ಒಂದು ಚೂರೂ ವ್ಯತ್ಯಾಸವಿರಲಿಲ್ಲ.

ಎಂಜಿನಿಯರ್ ಕಾಗದ ತೂರಿಸಿ ನೋಡಿದರು. ಹೋಗಲಿಲ್ಲ.

"ಬಿಸಿನೀರು!" ಎಂದು ಕೂಗಿದರು. "ತಣ್ಣಗಿರೋ ಗಾಜು, ಎರಡು ತುದೀಲೂ ಗಾರೆ ಹಿಡ್ಕೊಂಡಿದೆ, ಮಧ್ಯಕ್ಕೆ ಕುದಿಯೋ ಬಟ್ಟೆ! ಒಡೀದೆ ಏನ್ಮಾಡುತ್ತೆ? ದೊಡ್ಡಕ್ಕ, ಇದನ್ನ ಒರೆಸೋಕೆ ನಿಮಗೆ ಯಾರು ಹೇಳಿದ್ದು?"

"ನೀನೇ ಅಲ್ವೇನಪ್ಪ!"

"ನಾನಾ?"

"ಮೊದಲನೇ ಗಾಜು ಹಚ್ಚಿದ ದಿನ ಹೇಳ್ದೆ. ಗಾಜು ಮಸುಕಾದ್ರೆ ಒಡೆದದ್ದು ಕಾಣಲ್ಲ, ಚೊಕ್ಕಟವಾಗಿ ಇಟ್ಕೊಳ್ಳಿ ದೊಡ್ಡಕ್ಕ ಅಂತ. ಸುಣ್ಣದ ಕಲೆ ತಣ್ಣೀರಲ್ಲಿ ಹೋಗುತ್ತಾ? ಬಿಸಿ ಬಿಸಿ ನೀರಲ್ಲೇ ಒರೆಸ್ತಾ ಇದ್ದೆ."

ಎಂಜಿನಿಯರ್ ಹಣೆಗೆ ಕೈ ಹಚ್ಚಿಕೊಂಡು ಕುರ್ಚಿಯಲ್ಲಿ ಕುಸಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಅವರನ್ನು ನೋಡಿ ನಮ್ಮವರೂ ನಕ್ಕರು. ನಮ್ಮವರು ನಕ್ಕರೆ ಹೊಟ್ಟೆ ಮೊದಲು ನಗುತ್ತದೆ, ಆಮೇಲೆ ಬಾಯಿ. ನನಗೂ ತಡೆಯಲಾಗಲಿಲ್ಲ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಗಿರಾಕಿಯೇ ಅಪರಾಧಿಯಾಗಿ, ನನ್ನೆದುರಿಗೇ ಅಪರಾಧ ಮಾಡಿ, ಕೈ ಒರೆಸಿಕೊಂಡು ನಿಂತದ್ದು ಇದೇ ಮೊದಲು.

ದೊಡ್ಡಕ್ಕ ಮಾತ್ರ ನಗಲಿಲ್ಲ.

"ಅಂದ್ರೆ... ನನ್ನ ಕೈಯಾರೆ ನಾನೇ ಈ ಮನೆ ಕೆಡವಿಸ್ತಾ ಇದ್ನಾ?"

"ಇಲ್ಲ ದೊಡ್ಡಕ್ಕ," ಎಂದು ಅವರ ಹೆಗಲು ಹಿಡಿದು ಕಿಟಕಿಯ ಹೊಸ್ತಿಲ ಮೇಲೆ ಕೂರಿಸಿದೆ. "ನಿಮ್ಮ ಕೈಯಾರೆ ಉಳಿಸಿದ್ರಿ. ಇವತ್ತು ನೀವು ಕೆಲಸ ಬಿಟ್ಟು ಸುಮ್ನೆ ಕೂತಿದ್ರೆ ಇದು ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ. ಗೋಡೆ ಗಟ್ಟಿಯಾಗಿದೆ. ಮನೆ ಬೀಳಲ್ಲ."

"ಬೀಳಲ್ವಾ?"

"ಬೀಳಲ್ಲ!" ಎಂದರು ಎಂಜಿನಿಯರ್, ಅವರ ಕಿವಿಯ ಹತ್ತಿರ ಬಾಗಿ. "ನಮ್ಮೆಲ್ಲರಿಗಿಂತ ಜಾಸ್ತಿ ದಿನ ನಿಲ್ಲುತ್ತೆ!"

ಆಗ ದೊಡ್ಡಕ್ಕ ಅತ್ತರು. ಸೆರಗಿನಿಂದ ಮುಖ ಮುಚ್ಚಿಕೊಂಡು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಸೆರಗು ಸರಿಸಿ ನೋಡಿದರೆ ಮುಖದ ತುಂಬ ನಗು.

ಎಂಜಿನಿಯರ್ ಅಲ್ಲೇ ನಿಂತು ಫೋನ್ ಮಾಡಿದರು. ಆಳುಗಳು ಬರುವುದು ಬೇಡ. ಲಾರಿ ಬೇಡ. ಹೌದು, ನಾನೇ ಹೇಳ್ತಿರೋದು. ತಪ್ಪು ನನ್ನದು, ಚರ್ಚಿನ ಟ್ರಸ್ಟಿನವರಿಗೆ ನಾನೇ ಹೇಳ್ಕೋತೀನಿ. ಫೋನ್ ಇಟ್ಟಾಗ ಅವರ ಬೆನ್ನು ನೆಟ್ಟಗಾಗಿತ್ತು. ಕೆಡವಿ ಎಂದು ಬರೆಯುವುದು ಆ ಮನುಷ್ಯನಿಗೂ ಎಷ್ಟು ಭಾರವಾಗಿತ್ತೆಂದು ನನಗೆ ಆಗಲೇ ತಿಳಿದದ್ದು.

ದೊಡ್ಡಕ್ಕ ಕಾಫಿ ಮಾಡಿ ತಂದರು. ಖುಷಿಗೆ ಸಕ್ಕರೆ ಕೈ ಜಾರಿತ್ತು. ಯಾರೂ ದೂರು ಹೇಳಲಿಲ್ಲ. ಓದುವ ಕೋಣೆಗೆ ಬಿಸಿಲು ಬಂದಿತ್ತು. ಸುಣ್ಣದ ಗೋಡೆ ಹಾಲಿನ ಬಣ್ಣಕ್ಕೆ ತಿರುಗಿತ್ತು. ಮನೆ ಉಳಿಯುತ್ತದೆ ಅಂತ ಗೊತ್ತಾದ ಮೇಲೆ ನೋಡಿದ್ದಕ್ಕೋ ಏನೋ, ಅದರ ಒಂದೊಂದು ಮೂಲೆಯೂ ನನಗೆ ಚೆಂದವಾಗಿ ಕಂಡಿತು. ಅಷ್ಟು ನೆಮ್ಮದಿಯಿಂದ ಕಾಫಿ ಕುಡಿದು ಬಹಳ ದಿನವಾಗಿತ್ತು.

"ಸಂದಿಗೆ ಸುಣ್ಣದ ಗಾರೆ ತುಂಬಿಸೋಣ," ಎಂದರು ಎಂಜಿನಿಯರ್. "ಸಿಮೆಂಟ್ ಬೇಡ."

"ಸಿಮೆಂಟ್ ಅಂದಿದ್ರೆ ಕಾಫಿ ಲೋಟ ಕಿತ್ಕೋತಿದ್ದೆ," ಎಂದರು ದೊಡ್ಡಕ್ಕ.

ನಮ್ಮವರು ಕ್ಯಾಮೆರಾ ಚೀಲಕ್ಕೆ ತುಂಬುತ್ತಿದ್ದರು. ಹೊರಡುವ ಹೊತ್ತು. ನಾನೂ ಏಳಬೇಕಿತ್ತು. ಆದರೆ ನನ್ನದು ಕೆಟ್ಟ ಸ್ವಭಾವ. ತಿಂದ ಮೇಲೂ ತಟ್ಟೆ ಕೆರೆಯುವ ಬುದ್ಧಿ.

"ದೊಡ್ಡಕ್ಕ, ಪ್ರತಿ ಸಲ ಒರೆಸಿದ ಮೇಲೆ ಗೆರೆ ನಿಮ್ಮ ಕಣ್ಣಿಗೆ ಬೀಳ್ತಿರ್ಲಿಲ್ವಾ?"

"ಒದ್ದೆ ಇದ್ದಾಗ ಎಲ್ಲಿ ಕಾಣುತ್ತಮ್ಮ? ಒರೆಸಿ ಹೊರಟು ಹೋಗ್ತಿದ್ದೆ. ಎರಡು ಸಲಾನೂ ಇವರು ಬಂದು ಹೇಳಿದ ಮೇಲೇ ಗೊತ್ತಾಗಿದ್ದು."

"ಮೂರು ಸಲ," ಎಂದೆ.

"ಎರಡು ಸಲಾನಮ್ಮ. ಮೂರನೇದು ಒಡೆದಾಗ ನಾನೆಲ್ಲಿದ್ದೆ ಇಲ್ಲಿ? ತಂಗಿ ಮಗಳ ಬಾಣಂತನಕ್ಕೆ ಹೋಗಿದ್ನಲ್ಲ. ಬರೋಷ್ಟರಲ್ಲಿ ಒಡೆದು, ಕೆಡವೋದು ಅಂತ ತೀರ್ಮಾನವೂ ಆಗಿಹೋಗಿತ್ತು."

ಲೋಟ ಕೆಳಗಿಟ್ಟೆ.

ಗೋಡೆಯ ಮೇಲೆ ಮೂರನೇ ಗಾಜು ಇತ್ತು. ಸೊಟ್ಟ ಗೆರೆ. ಕಾಗದ ಹೋಗದ ಗೆರೆ. ಅದೂ ಬಿಸಿಯಿಂದಲೇ ಒಡೆದದ್ದು, ಅದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಒರೆಸುವವರು ಊರಲ್ಲೇ ಇರಲಿಲ್ಲ.

ಎಂಜಿನಿಯರ್ ಮುಖದ ನಗು ಮಾಯವಾಗಿತ್ತು. "ಎರಡು ಒಡೆದಾಗ ನಾನು ಇನ್ನೂ ಕಾದು ನೋಡೋಣ ಅಂದಿದ್ದೆ, ಮೇಡಂ," ಎಂದರು ಮೆಲ್ಲಗೆ. "ಕೆಡವಿ ಅಂತ ಬರೆದದ್ದು ಮೂರನೇದು ಒಡೆದ ಮೇಲೇ."

"ಅದು ಒಡೆದದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಫೋನ್ ಬಂತು. ಮೂರನೇದೂ ಹೋಯ್ತು, ತಕ್ಷಣ ಬನ್ನಿ ಅಂತ."

"ಯಾರ ಫೋನ್?"

ಅವರು ದೊಡ್ಡಕ್ಕನ ಕಡೆ ಒಮ್ಮೆ ನೋಡಿ, ನೆಲ ನೋಡಿದರು. "ಪಾದ್ರಿಗಳದ್ದು."

ದೊಡ್ಡಕ್ಕನಿಗೆ ಆ ಮಾತು ಕೇಳಿಸಿತು. ಮುಖ ನೋಡಿದರೇ ತಿಳಿಯುತ್ತಿತ್ತು. ಅವರಿಲ್ಲದ ಆ ದಿನಗಳಲ್ಲಿ ಈ ಮನೆಯಲ್ಲಿ ಇದ್ದದ್ದು ಒಬ್ಬರೇ. ಒರೆಸುವಾಗ ಏಳುವ ಆ ಸಣ್ಣ ಸದ್ದು ಅಕ್ಕನಿಗೆ ಕೇಳಿಸದಿದ್ದರೂ ಇದೇ ಕೋಣೆಯಲ್ಲಿ ಓದುತ್ತಾ ಕೂತ ತಮ್ಮನಿಗೆ ಕೇಳಿಸಿರಬೇಕು. ಗೆರೆ ಮೂಡಿದ್ದೂ ಕಂಡಿರಬೇಕು. ಅಂದರೆ ನಾವು ಇವತ್ತು ಕಂಡುಹಿಡಿದದ್ದನ್ನು ಅವರು ಯಾವತ್ತೋ ಕಂಡುಹಿಡಿದು ಬಾಯಿ ಮುಚ್ಚಿಕೊಂಡು ಕೂತಿದ್ದರು.

ತೋಟದ ಕಡೆಯ ಬಾಗಿಲು ತೆರೆಯಿತು. ಪಾದ್ರಿಗಳು ಒಳಗೆ ಬಂದರು. ಉದ್ದನೆಯ ಆಳು, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಾಗಿ ಬಾಗಿ ಬೆನ್ನೇ ಹಾಗಾಗಿದೆ.

"ಆಳುಗಳಿಗೆ ಬರಬೇಡಿ ಅಂದ್ರಂತೆ?" ಎಂದರು.

"ಗೋಡೆ ಸರಿದಿಲ್ಲ, ಅಯ್ಯನವರೇ," ಎಂದರು ಎಂಜಿನಿಯರ್. "ಬಿಸಿನೀರಿಗೆ ಗಾಜು ಒಡೀತಿತ್ತು. ಮನೆಗೆ ಏನೂ ಆಗಿಲ್ಲ."

ಪಾದ್ರಿಗಳಿಗೆ ಆಶ್ಚರ್ಯವಾಗಲಿಲ್ಲ. ಹೇಗೆ, ಯಾವಾಗ, ಯಾರು ಅಂತ ಒಂದು ಮಾತೂ ಕೇಳಲಿಲ್ಲ. ನಾಲ್ಕು ಗಾಜುಗಳ ಕಡೆ ಕಣ್ಣೂ ಎತ್ತಲಿಲ್ಲ.

ನಾನು ಎದ್ದು ನಿಂತೆ. "ಅಯ್ಯನವರೇ, ಒಂದು ವಿಷಯ ಕೇಳಬೇಕಿತ್ತು. ದೊಡ್ಡಕ್ಕ ಬಾಣಂತನಕ್ಕೆ ಹೋಗಿದ್ದಾಗ ಈ ಕೋಣೇಲಿ..."

"ತಪ್ಪಾಯ್ತಮ್ಮ!"

ದೊಡ್ಡಕ್ಕ ನನ್ನ ಮುಂದೆ ಬಂದು ನಿಂತರು. ನನಗೂ ತಮ್ಮನಿಗೂ ಮಧ್ಯೆ. ದನಿ ಎಂದಿನಂತೆ ಗಟ್ಟಿ, ಆದರೆ ಕಣ್ಣು ಬೇರೆ ಏನೋ ಬೇಡುತ್ತಿತ್ತು.

"ವಯಸ್ಸಾಯ್ತು ನೋಡು, ನೆನಪು ಕೈ ಕೊಡುತ್ತೆ. ಬಾಣಂತನಕ್ಕೆ ಹೋಗಿದ್ದು ಅದರ ಮುಂದಿನ ವಾರ. ಮೂರನೇದನ್ನೂ ನಾನೇ ಒರೆಸಿದ್ದು. ಬಿಸಿನೀರಲ್ಲೇ ಒರೆಸಿದ್ದು. ಬರ್ಕೊಳಪ್ಪ ಎಂಜಿನಿಯರ್, ಮೂರೂ ನಾನೇ."

ಎಂಜಿನಿಯರ್ ನನ್ನ ಕಡೆ ನೋಡಿದರು.

"ನಿನ್ನನ್ನ ಕರೆಸಿದೋಳು ನಾನೇ ತಾನೇ?" ಎಂದು ನನ್ನ ಕೈ ಹಿಡಿದುಕೊಂಡರು. ಬಿಸಿನೀರಲ್ಲಿ ಸುಟ್ಟ ಬೆರಳು ಇನ್ನೂ ಕೆಂಪಾಗಿದ್ದವು. "ನಿನ್ನ ಕೆಲಸ ಮುಗೀತು ಕಣಮ್ಮ. ಮನೆ ಉಳೀತು, ಅಷ್ಟು ಸಾಕು ನನಗೆ. ಇನ್ನೇನೂ ಹುಡುಕ್ಬೇಡ. ಹೊರಡು."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಹೆಂಗಸು ತಮ್ಮನಿಗಾಗಿ ನನ್ನೆದುರು ಹೇಳಿದ ಮೊದಲ ಸುಳ್ಳು ಅದು. ಅದನ್ನು ಒಡೆಯುವ ಮನಸ್ಸು ನನಗಿರಲಿಲ್ಲ.

ಒಡೆದದ್ದು ಪಾದ್ರಿಗಳು.

"ಬೇಡ ಅಕ್ಕ," ಎಂದರು. "ನನಗೋಸ್ಕರ ನೀನು ಸುಳ್ಳು ಹೇಳ್ಬೇಡ. ಅದನ್ನ ಒಡೆದದ್ದು ನಾನು."

ಆಮೇಲೆ ಎಂಜಿನಿಯರ್ ಕಡೆ ತಿರುಗಿ, ಚರ್ಚಿನಲ್ಲಿ ಮಾತಾಡುವ ಅದೇ ಶಾಂತ ದನಿಯಲ್ಲಿ ಹೇಳಿದರು:

"ಆಳುಗಳಿಗೆ ಮತ್ತೆ ಬರೋಕೆ ಹೇಳಿ. ಈ ನೆಲದ ಕೆಳಗೆ ಏನಿದೆ, ಅಕ್ಕ ಇಷ್ಟು ದಿನ ಯಾವುದರ ಮೇಲೆ ನಡೆದಾಡ್ತಾ ಇದ್ಲು ಅಂತ ಗೊತ್ತಾದ್ರೆ, ಈ ಮನೇನ ಅವಳೇ ನಿಂತು ಕೆಡವಿಸ್ತಾಳೆ."